ಲಿಂಕಪ್ಪನ ಪಾಸ್‌ವರ್ಡು

ಆ ಬೆಳಿಗ್ಗೆ ಲಿಂಕಪ್ಪ ಮಾಡಿದ್ದು ಇಷ್ಟೇ. ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು, ಕುರ್ಚಿಯ ಧೂಳನ್ನೂ ಒರೆಸದೆ ಕೂತು, ತನ್ನ ಪಾಸ್‌ವರ್ಡ್ ಬದಲಾಯಿಸಿದ. ಯಾರ ಗಂಟನ್ನೂ ಕದಿಯಲಿಲ್ಲ, ಯಾರ ತಲೆಯನ್ನೂ ಒಡೆಯಲಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಇಡೀ ಆಫೀಸು ಅವನನ್ನು ಮನೆಹಾಳನನ್ನು ನೋಡುವ ಹಾಗೆ ನೋಡತೊಡಗಿತ್ತು.

ಅದು ಹಾಸಿಗೆ ತಯಾರಿಸಿ ಮಾರುವ ಕಂಪನಿಯ ಆಫೀಸು. ಲಿಂಕಪ್ಪ ಅಲ್ಲಿ ದೂರು ವಿಭಾಗದ ಗುಮಾಸ್ತ. ಅಂದರೆ ಹೊಸ ಹಾಸಿಗೆ ಕೊಂಡೂ ನಿದ್ದೆ ಬಾರದವರ ಬೈಗುಳ ಕೇಳಿಸಿಕೊಂಡು, "ದಯವಿಟ್ಟು ಒಮ್ಮೆ ಮಗುಚಿ ಹಾಕಿ ನೋಡಿ" ಎಂದು ಉತ್ತರ ಬರೆಯುವವನು. ಆಫೀಸಿಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ಮೊಟ್ಟಮೊದಲ ಖಾತೆ ತೆರೆದದ್ದು ಅವನ ಹೆಸರಿನಲ್ಲಿ. ತೆರೆಯಲು ಬಂದಿದ್ದ ತಂತ್ರಜ್ಞನಿಗೆ ಊಟದ ಅವಸರವಿತ್ತು. ಬಿಲ್ಲು, ದೂರು, ಲಾರಿ, ರಿಯಾಯಿತಿ ಎಂದು ಇದ್ದಬದ್ದ ಅಧಿಕಾರವನ್ನೆಲ್ಲ ಆ ಒಂದೇ ಖಾತೆಗೆ ಸುರಿದು ಎದ್ದು ಹೋದ. ಆಮೇಲೆ ಉಳಿದವರಿಗೂ ಖಾತೆಗಳು ಬಂದವು, ಆದರೆ ಅವುಗಳಲ್ಲಿ ಏನನ್ನು ಒತ್ತಿದರೂ "ನಿಮಗೆ ಅನುಮತಿ ಇಲ್ಲ" ಎಂದೇ ಬರುತ್ತಿತ್ತು. ಅನುಮತಿಗಾಗಿ ಹೆಡ್ ಆಫೀಸಿಗೆ ಬರೆಯುವ ಉಸಾಬರಿ ಯಾರಿಗೆ ಬೇಕು? ಎಲ್ಲರೂ ಲಿಂಕಪ್ಪನ ಹೆಸರಿನಲ್ಲೇ ಕೆಲಸ ಮಾಡತೊಡಗಿದರು. ಬೆಳಿಗ್ಗೆ ಮೊದಲು ಬಂದವರು ಎಲ್ಲರ ಕಂಪ್ಯೂಟರುಗಳನ್ನೂ ಅವನ ಪಾಸ್‌ವರ್ಡ್ ಹಾಕಿ ತೆರೆದಿಡುವುದು, ಮನೆಯಲ್ಲಿ ಮೊದಲು ಎದ್ದವರು ಕಿಟಕಿ ತೆರೆದಷ್ಟೇ ಸಹಜವಾಯಿತು. ಪಾಸ್‌ವರ್ಡು 'ಹಾಸಿಗೆ123'. ಅದು ಟೀ ತರುವವನಿಗೂ ಗೊತ್ತಿತ್ತು.

ಲಿಂಕಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಳೆದ ತಿಂಗಳು ಆಫೀಸು ಕೊಟ್ಟ ಬಿರುದು. "ನಿಮಗೆ ಬಹುಮಾನ ಬಂದಿದೆ, ಇಲ್ಲಿ ಒತ್ತಿ" ಎಂಬ ಲಿಂಕನ್ನು ಯಾರೋ ಒತ್ತಿದ್ದರು. ಪರದೆಗಳೆಲ್ಲ ಕೆಂಪಗಾಗಿ ಆಫೀಸು ಎರಡು ದಿನ ಕೈಬರಹದಲ್ಲಿ ನಡೆಯಿತು. ಆ ಗಡಿಬಿಡಿಯಲ್ಲಿ ಹೊಸದಾಗಿ ಮದುವೆಯಾದವರ ಮನೆಗೆ ತೊಟ್ಟಿಲ ಹಾಸಿಗೆ ಹೋಯಿತು, ಶಿಶುವಿಹಾರಕ್ಕೆ ಜೋಡಿ ಮಂಚದ್ದು ಹೋಯಿತು. ತನಿಖೆ ಮಾಡಿದಾಗ ಸಿಕ್ಕಿದ್ದು ಲಿಂಕಪ್ಪನ ಖಾತೆ. ಆ ಹೊತ್ತಿನಲ್ಲಿ ಅವನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ. ಆಫೀಸಿಗೆ ಮರಳಿ ಅದನ್ನು ಹೇಳೋಣವೆಂದರೆ ದವಡೆ ಮರಗಟ್ಟಿ ಮಾತೇ ಹೊರಡಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತ್ತು, ಮೇಕೆಗೆ ಬ್ಯಾ ಎನ್ನಲೂ ಆಗಲಿಲ್ಲ.

"ಇನ್ನೊಂದು ಸಲ ನಿಮ್ಮ ಹೆಸರು ಬಂದ್ರೆ ಸೀದಾ ಗೋದಾಮು" ಎಂದಿದ್ದರು ಮ್ಯಾನೇಜರು.

ಗೋದಾಮು ಎಂದರೆ ಹಿತ್ತಲ ಕಡೆಯ ತಗಡಿನ ಕಟ್ಟಡ. ಒಳಗೆಲ್ಲ ಹತ್ತಿ, ನಾರು, ಸ್ಪಂಜಿನ ಪುಡಿ. ಮನೆಯಲ್ಲಿ ಹೆಂಡತಿ ದಿಂಬು ಕೊಡವಿದರೇ ಲಿಂಕಪ್ಪ ಅರ್ಧ ಗಂಟೆ ಸೀನುತ್ತಿದ್ದ. ಗೋದಾಮಿಗೆ ಹಾಕಿದರೆ ನಿವೃತ್ತಿಯಾಗುವ ತನಕ ಸೀನುತ್ತಲೇ ಇರಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಮಾಡದ ತಪ್ಪಿಗೆ ಎರಡನೇ ಸಲ ತಲೆ ತಗ್ಗಿಸಬೇಕಲ್ಲ ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ ನಿನ್ನೆ ಹೆಡ್ ಆಫೀಸಿನ ಭದ್ರತಾ ಅಧಿಕಾರಿ ಬಂದು ಸೈಬರ್ ಸುರಕ್ಷತೆಯ ನಿಯಮಗಳ ತರಬೇತಿ ಕೊಟ್ಟಿದ್ದರು. ಕುರ್ಚಿಗಳು ಸಾಲದೆ, ಮಾದರಿಗಾಗಿ ಇಟ್ಟ ಹಾಸಿಗೆಗಳ ಮೇಲೆ ಎಲ್ಲರನ್ನೂ ಕೂರಿಸಲಾಗಿತ್ತು. ಕೂತವರು ಒರಗಿದರು, ಒರಗಿದವರು ಕಾಲು ಚಾಚಿದರು, ಹಾಸಿಗೆ ಇದ್ದಷ್ಟೂ ಚಾಚಿದರು. ಕೊನೆಯವರೆಗೆ ಕಣ್ಣು ಬಿಟ್ಟುಕೊಂಡಿದ್ದವನು ಲಿಂಕಪ್ಪ ಒಬ್ಬನೇ.

"ಪಾಸ್‌ವರ್ಡ್ ಯಾರಿಗೂ ಹೇಳಬಾರದು" ಎಂದಿದ್ದರು ಅಧಿಕಾರಿ. "ಹೆಂಡತಿ ಕೇಳಿದ್ರೂ ಹೇಳಬಾರದು, ಮ್ಯಾನೇಜರ್ ಕೇಳಿದ್ರೂ ಹೇಳಬಾರದು. ನಾಳೆ ನಾನೇ ಬಂದು ಕೇಳ್ತೀನಿ ಅಂತಿಟ್ಕೊಳ್ಳಿ, ನನಗೂ ಹೇಳಬಾರದು."

ಆ ಮಾತು ಲಿಂಕಪ್ಪನ ಎದೆಗೆ ತಂಪಾಗಿ ಇಳಿದಿತ್ತು. ಲೋಕದಲ್ಲಿ ತನಗೂ ಒಂದು ಗುಟ್ಟು ಇಟ್ಟುಕೊಳ್ಳುವ ಹಕ್ಕಿದೆ ಎಂದು ಅವನಿಗೆ ಯಾರೂ ಇದುವರೆಗೆ ಹೇಳಿರಲಿಲ್ಲ.

ಹಾಗಾಗಿ ಇವತ್ತು ಬೆಳಿಗ್ಗೆ ಪಾಸ್‌ವರ್ಡ್ ಬದಲಾಯಿತು. ತನ್ನ ಕಂಪ್ಯೂಟರೊಂದನ್ನೇ ತೆರೆದು, ಉಳಿದವನ್ನು ಕತ್ತಲಲ್ಲೇ ಬಿಟ್ಟು ಲಿಂಕಪ್ಪ ನೆಟ್ಟಗೆ ಕೂತ.

ಮೊದಲು ಬಂದವಳು ಬಿಲ್ಲು ಬರೆಯುವ ಬಿಲ್ಲಮ್ಮ. ಊಟದ ಡಬ್ಬಿ ಇಳಿಸಿ, ಪರದೆ ನೋಡಿ, ಎಂದಿನಂತೆ ಹಳೆಯ ಪಾಸ್‌ವರ್ಡ್ ಒತ್ತಿದಳು. ಆಗಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಒತ್ತಿದಳು.

"ಇದಕ್ಕೇನು ಬಂತು ಕೇಡು, ಹಾಸಿಗೆ ತಗೋತಾ ಇಲ್ಲ."

"ಬದಲಾಯಿಸಿದೀನಿ" ಎಂದ ಲಿಂಕಪ್ಪ.

"ಹಾಗಾ. ಏನಿಟ್ರಿ?"

"ಹೇಳಲ್ಲ."

ಬಿಲ್ಲಮ್ಮ ನಕ್ಕಳು. ಅವನು ನಗಲಿಲ್ಲ. ಅವಳ ನಗು ಅರ್ಧಕ್ಕೇ ನಿಂತು ಹುಬ್ಬು ಮೇಲೇರಿತು. "ನಿಮ್ಮ ಮಗಳ ನಾಮಕರಣಕ್ಕೆ ಬಂದೋಳು ನಾನು. ನಿಮಗೆ ಟೈಫಾಯ್ಡ್ ಆದಾಗ ಗಂಜಿ ಕಳಿಸಿದೋಳು. ನನಗೆ ಹೇಳಲ್ವಾ?"

"ಗಂಜಿ ಋಣ ಬೇರೆ, ಪಾಸ್‌ವರ್ಡ್ ಬೇರೆ ಅಕ್ಕ. ನಿಮ್ಮ ಬಿಲ್ಲು ಇಲ್ಲಿ ತಗೊಂಡು ಬನ್ನಿ, ನಾನೇ ಹಾಕಿಕೊಡ್ತೀನಿ."

ಅಷ್ಟರಲ್ಲಿ ಲಾರಿ ಭಾವ ಬಂದ. ಲಾರಿಗಳಿಗೆ ಮಾಲು ತುಂಬಿಸಿ ಕಳಿಸುವ ಕೆಲಸ ಅವನದು. ಮ್ಯಾನೇಜರ ಹೆಂಡತಿಯ ಅಣ್ಣನಾದ್ದರಿಂದ ಆಫೀಸಿಗೆಲ್ಲ ಭಾವನಾಗಿದ್ದ. ಹೋಟೆಲಿಗೆ ಹೋಗಬೇಕಾದ ಹಾಸಿಗೆಗಳನ್ನು ತುಂಬಿಕೊಂಡು ಕೆಳಗೆ ಲಾರಿ ನಿಂತಿತ್ತು. ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತದೆ ಗೇಟು ತೆರೆಯುವಂತಿರಲಿಲ್ಲ.

"ಏನ್ ನಾಟಕ ಇದು" ಎಂದ ಭಾವ. "ಪಾಸ್‌ವರ್ಡ್ ಅನ್ನೋದು ಬಸ್ಸಿನ ಸೀಟು ಇದ್ದ ಹಾಗೆ ಕಣಯ್ಯ. ಟವೆಲ್ ಹಾಕಿದ ಮಾತ್ರಕ್ಕೆ ನಿಂದಾಗಿಬಿಡುತ್ತಾ?"

"ಸಾಲಲ್ಲಿ ನಿಂತ್ಕೊಳ್ಳಿ ಭಾವ. ಅಕ್ಕನ ಬಿಲ್ಲುಗಳೆಲ್ಲ ಮುಗಿದ ಮೇಲೆ ನಿಮ್ಮ ಲಾರಿ."

ಹಿಟ್ಟಿನ ಗಿರಣಿಯ ಮುಂದೆ ನಿಂತ ಹಾಗೆ ಆಫೀಸು ಲಿಂಕಪ್ಪನ ಮೇಜಿನ ಮುಂದೆ ಸಾಲು ನಿಂತಿತು. ಅವನು ಒಬ್ಬೊಬ್ಬರ ಕೆಲಸವನ್ನೂ ಕೈಯಾರೆ ಮಾಡಿಕೊಟ್ಟ. ಕನ್ನಡಕದ ಕಾಲು ಮುರಿದು ದಾರ ಸುತ್ತಿದ್ದರಿಂದ ಅದು ಆಗಾಗ ಮೂಗಿನಿಂದ ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯ ಒಂದೇ ಬೆರಳಲ್ಲಿ ಒತ್ತುತ್ತಿದ್ದ. ನೀರು ಕುಡಿಯಲು ಎದ್ದರೆ ಕಂಪ್ಯೂಟರಿಗೆ ಬೀಗ. ಟೀಗೆ ಎದ್ದರೆ ಬೀಗ. ಕಿಟಕಿ ಮುಚ್ಚಲು ಎದ್ದಾಗಲೂ ಬೀಗ ಹಾಕಿಯೇ ಎದ್ದ. ಅವನು ಎದ್ದ ತಕ್ಷಣ ಕುರ್ಚಿಗೆ ಹಾರಲು ತುದಿಗಾಲಲ್ಲಿ ನಿಂತಿದ್ದ ಭಾವ ಪ್ರತಿಸಲವೂ ಕಪ್ಪು ಪರದೆಯಲ್ಲಿ ತನ್ನ ಮುಖವನ್ನೇ ನೋಡಿಕೊಂಡು ಮರಳಿದ. ಕೆಳಗೆ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು.

ಆಗ ಗುರುತಿಲ್ಲದ ನಂಬರಿನಿಂದ ಲಿಂಕಪ್ಪನಿಗೆ ಫೋನು ಬಂತು. ಜಾರಿದ ಕನ್ನಡಕವನ್ನು ಹಿಡಿಯಲು ಹೋಗಿ ಅವನು ಸ್ಪೀಕರ್ ಗುಂಡಿ ಒತ್ತಿಬಿಟ್ಟ.

"ನಾನು ಕಣ್ರೀ. ನನ್ನ ಫೋನು ಸತ್ತೋಗಿದೆ, ಪಕ್ಕದ ಮನೆಯವರದ್ದರಿಂದ ಮಾಡ್ತಿದೀನಿ. ನಿಮ್ಮ ಹೊಸ ಕನ್ನಡಕದ ಪಾರ್ಸೆಲ್ ಬಂದಿದೆ. ನಿಮ್ಮ ಫೋನಿಗೆ ಅದೇನೋ ನಂಬರ್ ಬಂದಿದೆಯಂತೆ, ಅದನ್ನ ಹೇಳಿದ್ರೆ ಕೊಟ್ಟು ಹೋಗ್ತಾನಂತೆ."

ಧ್ವನಿ ಹೆಂಡತಿಯದೇ. ಆದರೆ ಈಗಿನ ಕಳ್ಳರು ಧ್ವನಿಯನ್ನೂ ಕದಿಯುತ್ತಾರೆ ಎಂದು ನಿನ್ನೆ ಅಧಿಕಾರಿ ಹೇಳಿದ್ದರು.

"ನೀನೇ ನೀನು ಅಂತ ಏನು ಗ್ಯಾರಂಟಿ?" ಎಂದ ಲಿಂಕಪ್ಪ.

"ಏನಂದ್ರಿ?"

"ನಮ್ಮಿಬ್ಬರಿಗೆ ಮಾತ್ರ ಗೊತ್ತಿರೋದು ಏನಾದ್ರೂ ಹೇಳು."

"ಹೇಳ್ಲಾ? ಮದುವೆ ಫೋಟೋದಲ್ಲಿ ನೀವು ಹಾಕ್ಕೊಂಡಿರೋ ಕೋಟು ನಿಮ್ಮ ತಮ್ಮಂದು. ಗುಂಡಿ ಹಾಕೋಕೆ ಆಗದೆ ಹೊಟ್ಟೆ ಮೇಲೆ ಕೈ ಕಟ್ಕೊಂಡು ನಿಂತಿದ್ರಿ. ನೋಡಿದೋರೆಲ್ಲ ಹುಡುಗ ಎಷ್ಟು ಗಂಭೀರ ಅಂದ್ರು. ಸಾಕಾ, ಹಲ್ಲಿ ನೋಡಿ ಮಂಚ ಹತ್ತಿದ್ದೂ ಹೇಳ್ಲಾ?"

ಸಾಲಿನಲ್ಲಿದ್ದವರು ಲಾರಿಯನ್ನು ಮರೆತರು. ಬಿಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಗುರುತು ಸಿಕ್ತು, ನೀನೇ" ಎಂದ ಲಿಂಕಪ್ಪ, ಕಿವಿ ಕೆಂಪಾಗಿದ್ದರೂ ಧ್ವನಿ ಬಿಗಿ ಹಿಡಿದು. "ಆದ್ರೆ ಆ ನಂಬರ್ ಯಾರಿಗೂ ಹೇಳಬಾರದು ಅಂತ ಮೆಸೇಜಲ್ಲೇ ಬರೆದಿದಾರೆ."

"ಮತ್ತೆ ನನ್ನ ಕೈಲಿ ಅಷ್ಟೆಲ್ಲ ಯಾಕೆ ಹೇಳಿಸಿದ್ರಿ?"

ಕನ್ನಡಕ ಬಂದ ದಾರಿಯಲ್ಲೇ ವಾಪಸು ಹೋಯಿತು. ಲಿಂಕಪ್ಪ ಹಳೆಯದಕ್ಕೆ ಇನ್ನೊಂದು ಸುತ್ತು ದಾರ ಸುತ್ತಿಕೊಂಡ.

ಮಧ್ಯಾಹ್ನ ಊಟ ಮುಗಿಸಿ ಒಳಗೆ ಬರುವಾಗ ಅವನ ಬೆನ್ನಿಗೇ ಮ್ಯಾನೇಜರು ಬಂದರು. ಗಾಜಿನ ಬಾಗಿಲು ಕಾರ್ಡು ತೋರಿಸಿದರೆ ತೆರೆಯುವಂಥದ್ದು. ಅವರ ಕಾರ್ಡು ಒಳಗೆ ಮೇಜಿನ ಮೇಲಿತ್ತು. ಬೆನ್ನ ಹಿಂದೆ ಬರುವವರನ್ನು ಕಾರ್ಡಿಲ್ಲದೆ ಒಳಗೆ ಬಿಡಬಾರದು ಎಂಬುದೂ ನಿಯಮವೇ. ಲಿಂಕಪ್ಪ ಒಳಗೆ ಹೋಗಿ, ತಿರುಗಿ, ಮ್ಯಾನೇಜರ ಮೂಗಿನ ಮುಂದೆ ಬಾಗಿಲು ಎಳೆದುಕೊಂಡ.

"ನಾನು ಯಾರು ಗೊತ್ತಾಗ್ಲಿಲ್ವಾ?" ಎಂದರು ಮ್ಯಾನೇಜರು ಗಾಜಿನ ಆಚೆಯಿಂದ.

"ನನಗೆ ಗೊತ್ತು ಸರ್. ಬಾಗಿಲಿಗೆ ಗೊತ್ತಿಲ್ಲ."

ಕಾವಲುಗಾರ ಊಟ ಮುಗಿಸಿ ಬಂದು ತೆರೆಯುವ ತನಕ ಮ್ಯಾನೇಜರು ಅಲ್ಲೇ ನಿಂತರು. ಒಳಗೆ ಬಂದ ಮೇಲೆ ಲಿಂಕಪ್ಪನನ್ನು ಕೋಣೆಗೆ ಕರೆಸಿದರು. ಬೈಯುತ್ತಾರೆ ಎಂದು ಹೊರಗಿದ್ದವರೆಲ್ಲ ಕಿವಿ ನಿಮಿರಿಸಿದರೆ ಅವರ ಧ್ವನಿಯಲ್ಲಿ ಜೇನು ಸುರಿಯುತ್ತಿತ್ತು.

"ನೋಡಿ, ನಿಯಮ ಅನ್ನೋದು ಗೋಡೆಗೆ ಅಂಟಿಸೋಕೆ ಇರೋದು. ತಲೆಗೆ ಅಂಟಿಸ್ಕೋಬಾರದು. ಎಲ್ಲರಿಗೂ ತೊಂದರೆ ಆಗ್ತಿದೆ. ಪಾಸ್‌ವರ್ಡ್ ನನಗೊಬ್ಬನಿಗೆ ಹೇಳಿ, ಸಾಕು. ನಾನು ಯಾರಿಗೂ ಹೇಳಲ್ಲ."

"ನಾನೂ ಯಾರಿಗೂ ಹೇಳಲ್ಲ ಸರ್."

ಜೇನು ಅಲ್ಲಿಗೆ ಬತ್ತಿತು. "ಗೋದಾಮು ನೆನಪಿದೆಯಾ?"

ಆ ಹೆಸರು ಕೇಳಿದ್ದಕ್ಕೇ ಲಿಂಕಪ್ಪನ ಮೂಗು ತುರಿಸಿತು. ಆದರೂ ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಈ ಆಫೀಸಿಗೆ ಸೇರಿದ ಮೇಲೆ ಆಡಿದ್ದರಲ್ಲೆಲ್ಲ ಉದ್ದವಾದ ಮಾತನ್ನು ಆಡಿದ. "ಕಳೆದ ತಿಂಗಳು ಯಾರೋ ನನ್ನ ಹೆಸರಲ್ಲಿ ಲಿಂಕ್ ಒತ್ತಿದ್ರು. ಬೈಸಿಕೊಂಡೋನು ನಾನು. ನನ್ನ ಮಗಳು ಕೂಡ ಲಿಂಕಪ್ಪನ ಮಗಳಾದ್ಲು. ಇನ್ನು ಮೇಲೆ ನನ್ನ ಹೆಸರಲ್ಲಿ ತಪ್ಪಾಗೋದಾದ್ರೆ ನನ್ನ ಬೆರಳಿಂದಲೇ ಆಗ್ಲಿ ಸರ್. ಬೇರೆಯವರ ಬೆರಳಿಗೆ ನನ್ನ ಹೆಸರು ಕೊಡಲ್ಲ."

"ಆ ಹಳೇ ವಿಷಯ ಈಗ್ಯಾಕೆ" ಎಂದು ಮ್ಯಾನೇಜರು ಕಿಟಕಿಯ ಕಡೆ ತಿರುಗಿದರು. ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು.

ಹೊರಗೆ ಬಂದ ಲಿಂಕಪ್ಪನ ಎದೆ ಹಗುರಾಗಿತ್ತು. ಹೋಟೆಲಿನ ಲಾರಿಗೆ ಒಪ್ಪಿಗೆ ಒತ್ತಿದ. ಗೇಟು ತೆರೆಯಿತು. ದಿನ ಇಲ್ಲಿಗೇ ಮುಗಿದಿದ್ದರೆ ಅವನು ಗೆದ್ದಿದ್ದ ಎನ್ನಬಹುದಿತ್ತು.

ಸಂಜೆಯಾಗುವ ಮೊದಲು ಅವನ ಪರದೆ ತಾನಾಗಿಯೇ ಕಪ್ಪಾಯಿತು. ನಡುವೆ ಒಂದು ಸಾಲು ಬಂತು. "ಅನುಮಾನಾಸ್ಪದ ನಡವಳಿಕೆ. ಖಾತೆ ಮುಚ್ಚಲಾಗಿದೆ." ಸ್ವಲ್ಪ ಹೊತ್ತಿಗೆ ನಿನ್ನೆಯ ಭದ್ರತಾ ಅಧಿಕಾರಿಯೇ ಲ್ಯಾಪ್‌ಟಾಪು ಕಂಕುಳಲ್ಲಿಟ್ಟುಕೊಂಡು ದಡದಡನೆ ಬಂದರು. ಮ್ಯಾನೇಜರು, ಬಿಲ್ಲಮ್ಮ, ಭಾವ ಎಲ್ಲರೂ ಸುತ್ತ ನೆರೆದರು.

"ಈ ಖಾತೆ ಕಳುವಾಗಿದೆ" ಎಂದರು ಅಧಿಕಾರಿ. "ನಮ್ಮ ಯಂತ್ರ ಒಬ್ಬೊಬ್ಬರ ಅಭ್ಯಾಸವನ್ನೂ ಕಲಿತಿರುತ್ತೆ. ಈ ಮನುಷ್ಯ ಇಷ್ಟು ವರ್ಷ ಏಕಕಾಲಕ್ಕೆ ಎಲ್ಲ ಮೇಜಿಂದಲೂ ಕೆಲಸ ಮಾಡ್ತಿದ್ರು. ಬಿಲ್ಲು ಹಾಕ್ತಾನೇ ಲಾರಿ ಕಳಿಸ್ತಿದ್ರು, ಲಾರಿ ಕಳಿಸ್ತಾನೇ ದೂರಿಗೆ ಉತ್ತರ ಬರೀತಿದ್ರು. ರಜೆ ಹಾಕಿದ ದಿನವೂ ಕೆಲಸ ಮಾಡಿದಾರೆ. ಅಂಥವರು ಇವತ್ತು ಇದ್ದಕ್ಕಿದ್ದ ಹಾಗೆ ಒಂದೇ ಕುರ್ಚಿ. ಪಾಸ್‌ವರ್ಡ್ ಬದಲು. ಮಾತು ಮಾತಿಗೆ ಬೀಗ. ಒಂದೇ ಬೆರಳಲ್ಲಿ ಟೈಪ್ ಮಾಡ್ತಿದಾರೆ. ಇದು ಅವರಲ್ಲ, ಯಾರೋ ಕಳ್ಳ."

"ನಾನೇ ಸರ್ ಅವರು" ಎಂದ ಲಿಂಕಪ್ಪ.

"ನೀವೇ ನೀವು ಅಂತ ಏನು ಗ್ಯಾರಂಟಿ?"

ಲಿಂಕಪ್ಪ ಗುರುತಿನ ಕಾರ್ಡು ತೋರಿಸಿದ. ಅದರಲ್ಲಿ ತಲೆ ತುಂಬ ಕೂದಲಿದ್ದ, ಕನ್ನಡಕವಿಲ್ಲದ ಯುವಕನೊಬ್ಬ ನಗುತ್ತಿದ್ದ. ಅಧಿಕಾರಿ ಅವನನ್ನೂ ಇವನನ್ನೂ ನೋಡಿ ಕಾರ್ಡು ಹಿಂದಕ್ಕೆ ಕೊಟ್ಟರು.

"ಇವರನ್ನ ಕೇಳಿ ಸರ್, ಇಷ್ಟು ವರ್ಷ ನನ್ನ ಪಾಸ್‌ವರ್ಡಲ್ಲಿ ಇವರೆಲ್ಲ ಕೆಲಸ ಮಾಡ್ತಿದ್ರು" ಎಂದ ಲಿಂಕಪ್ಪ.

ಅಧಿಕಾರಿ ತಿರುಗಿದರು. "ಹೌದಾ?"

"ಛೆ ಛೆ" ಎಂದ ಭಾವ. "ನಿನ್ನೆ ತಾನೇ ತರಬೇತಿ ತಗೊಂಡಿದೀವಿ."

"ಅಕ್ಕ, ನೀವಾದ್ರೂ ಹೇಳಿ" ಎಂದು ಲಿಂಕಪ್ಪ ಬಿಲ್ಲಮ್ಮನ ಮುಖ ನೋಡಿದ.

ಬಿಲ್ಲಮ್ಮ ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತು ಕಾಲು ಊದಿಸಿಕೊಂಡಿದ್ದಳು. ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ಹೇಳಿದಳು, "ನಮ್ಮ ಲಿಂಕಪ್ಪ ಕೇಳಿದ ತಕ್ಷಣ ಪಾಸ್‌ವರ್ಡ್ ಕೊಡೋ ಮನುಷ್ಯ. ಇವರು ಯಾರೋ ನನಗೆ ಗೊತ್ತಿಲ್ಲಪ್ಪ."

ಅಧಿಕಾರಿ ಲ್ಯಾಪ್‌ಟಾಪು ತೆರೆದು ಓದುತ್ತಾ ಹೋದರು. "ಇನ್ನೊಂದು ವಿಚಿತ್ರ ಇದೆ. ಕಳೆದ ತಿಂಗಳ ಆ ಲಿಂಕು. ಅದನ್ನ ಒತ್ತಿದ್ದು ಮ್ಯಾನೇಜರ್ ಕೋಣೆಯ ಕಂಪ್ಯೂಟರಿಂದ."

ಮ್ಯಾನೇಜರು ಕುತ್ತಿಗೆಯ ಟೈ ಸರಿಮಾಡಿಕೊಂಡರು. ಲಿಂಕಪ್ಪ ಅವರನ್ನೇ ನೋಡಿದ. ಒಂದು ತಿಂಗಳಿನಿಂದ ಹೊತ್ತಿದ್ದ ಮೂಟೆಯ ವಾರಸುದಾರ ಕಣ್ಣೆದುರಿಗೇ ನಿಂತಿದ್ದ.

"ಅಂದ್ರೆ" ಎಂದು ಅಧಿಕಾರಿ ಲಿಂಕಪ್ಪನ ಕಡೆ ಬೆರಳು ಮಾಡಿದರು, "ನೀವು ಮ್ಯಾನೇಜರ್ ಇಲ್ಲದಾಗ ಅವರ ಕೋಣೆಗೂ ನುಗ್ತಿದ್ರಿ."

"ಅದೇ ನನಗೂ ಅನುಮಾನ ಇತ್ತು" ಎಂದರು ಮ್ಯಾನೇಜರು. ಅವರ ಮುಖಕ್ಕೆ ರಕ್ತ ಮರಳಿತು.

ಲಿಂಕಪ್ಪ ಬಾಯಿ ತೆರೆದ. ಈ ಸಲ ದವಡೆ ಮರಗಟ್ಟಿರಲಿಲ್ಲ. "ಆವತ್ತು ನಾನು ಹಲ್ಲಿನ ಡಾಕ್ಟರ ಹತ್ರ ಇದ್ದೆ."

"ಅಲ್ಲಿದ್ದುಕೊಂಡು ಇಲ್ಲಿ ಲಿಂಕ್ ಒತ್ತಿದ್ರೆ ಪಾಸ್‌ವರ್ಡ್ ಬೇರೆಯವರಿಗೆ ಕೊಟ್ಟಿದ್ರಿ ಅಂತಾಯ್ತು. ಅದು ಇನ್ನೂ ದೊಡ್ಡ ಅಪರಾಧ" ಎಂದರು ಅಧಿಕಾರಿ. ಅತ್ತ ದರಿ, ಇತ್ತ ಪುಲಿ. ಆಮೇಲೆ ಅವರು ಸ್ವಲ್ಪ ಮೆತ್ತಗಾದರು. "ಇಷ್ಟು ರಂಪ ಬೇಡ. ಒಂದು ದಾರಿ ಇದೆ. ಹೊಸ ಪಾಸ್‌ವರ್ಡ್ ನನಗೆ ಹೇಳಿ. ಸರಿಯಾಗಿದ್ರೆ ನೀವೇ ಅಂತ ನಂಬಿ ಈ ಕ್ಷಣ ಖಾತೆ ತೆರೀತೀನಿ, ಹಳೇದನ್ನೆಲ್ಲ ಮರೆತುಬಿಡೋಣ."

"ಹೇಳಿಬಿಡಿ" ಎಂದರು ಮ್ಯಾನೇಜರು. "ಗೋದಾಮೂ ಬೇಡ, ಏನೂ ಬೇಡ."

"ಹೇಳಯ್ಯ" ಎಂದ ಭಾವ. ಬಿಲ್ಲಮ್ಮ ಕಿವಿಯ ಮೇಲಿನ ಕೂದಲು ಸರಿಸಿಕೊಂಡಳು.

ಲಿಂಕಪ್ಪ ತನ್ನ ಕುರ್ಚಿ ನೋಡಿದ. ಅವನ ಬೆನ್ನಿಗೆಂದೇ ತಗ್ಗುಬಿದ್ದ ಕುರ್ಚಿ. ಪಕ್ಕದಲ್ಲಿ ಧೂಳು ಬರದ ಕಿಟಕಿ. ಒಂದು ಮಾತು ಆಡಿದರೆ ಎಲ್ಲ ಉಳಿಯುತ್ತಿತ್ತು. ಸುತ್ತ ನಿಂತ ಮುಖಗಳನ್ನೂ ನೋಡಿದ. ಎಲ್ಲರೂ ಪ್ರಸಾದಕ್ಕೆ ಕೈಯೊಡ್ಡಿದವರ ಹಾಗೆ ಕಾಯುತ್ತಿದ್ದರು.

"ನೀವೇ ಕೇಳಿದ್ರೂ ಹೇಳಬಾರದು ಅಂತ ನಿನ್ನೆ ನೀವೇ ಹೇಳಿದ್ರಿ" ಎಂದ.

"ಅದು ತರಬೇತಿ. ಇದು ಕೆಲಸ."

"ಹಾಗಾದ್ರೆ ಹೇಳಲ್ಲ" ಎಂದ ಲಿಂಕಪ್ಪ. "ನಿಮಗೂ ಹೇಳಲ್ಲ, ಇವರಿಗೂ ಹೇಳಲ್ಲ. ಗೋದಾಮಿಗೆ ಕಳಿಸ್ತೀರಾ, ಕಳಿಸಿ. ಪಾಸ್‌ವರ್ಡ್ ನಂದು."

ಕಳಿಸಿದರು. ಅದಕ್ಕೇನೂ ತಡವಾಗಲಿಲ್ಲ. ಖಾತೆ ಮುಚ್ಚಿಯೇ ಇರಲಿ, ಆಫೀಸಿನ ಕೆಲಸ ನಿಲ್ಲದಿರಲಿ ಎಂದು ಅಧಿಕಾರಿ ಎಲ್ಲ ಅಧಿಕಾರವನ್ನೂ ಮ್ಯಾನೇಜರ ಖಾತೆಗೆ ಸುರಿದು ಹೊರಟರು. ಹೋಗುವಾಗ ಉಳಿದವರ ನಡವಳಿಕೆಯಲ್ಲಿ ಯಾವ ದೋಷವೂ ಕಂಡಿಲ್ಲ ಎಂದು ಹೊಗಳಿದರು. ಲಿಂಕಪ್ಪ ಊಟದ ಡಬ್ಬಿ ಹಿಡಿದು ಗಾಜಿನ ಬಾಗಿಲು ದಾಟುವಾಗ ಬಿಲ್ಲಮ್ಮನ ಧ್ವನಿ ಕೇಳಿಸಿತು.

"ಸರ್, ನಿಮ್ಮ ಪಾಸ್‌ವರ್ಡ್ ಏನು?"

"ಹಾಸಿಗೆ ನಾಲ್ಕು ಐದು ಆರು" ಎಂದು ಮ್ಯಾನೇಜರು ಒಳಗಿನಿಂದಲೇ ಕೂಗಿದರು. ಟೀ ತರುವವನು ಅದನ್ನು ಕೇಳಿಸಿಕೊಂಡು ಗ್ಲಾಸುಗಳನ್ನು ಎತ್ತಿಕೊಂಡು ಹೋದ.

ಗೋದಾಮಿನ ಮುಂದೆ ಅಲ್ಲಿಯ ಮುದುಕ ಕಾವಲುಗಾರ ಸ್ಟೂಲಿನ ಮೇಲೆ ಕೂತು ಬೆನ್ನು ಕೆರೆದುಕೊಳ್ಳುತ್ತಿದ್ದ. ಲಿಂಕಪ್ಪ ಬಾಗಿಲ ಹತ್ತಿರ ಬರುವಷ್ಟರಲ್ಲೇ ಮೊದಲ ಸೀನು ಬಂತು. ಅದರ ಹಿಂದೆ ಇನ್ನೆರಡು ಬಂದವು.

"ಹೊಸಬರಾ? ಒಳ್ಳೇದಾಯ್ತು, ಇಲ್ಲಿ ಕಂಪ್ಯೂಟರ್ ಗಿಂಪ್ಯೂಟರ್ ಏನೂ ತಾಪತ್ರಯ ಇಲ್ಲ" ಎಂದ ಮುದುಕ. "ಬೀಗದ ಕೈ ಒಂದೇ ಇರೋದು. ಆ ಹೂಕುಂಡದ ಕೆಳಗೆ ಇಟ್ಟಿರ್ತೀವಿ. ಎಲ್ಲರಿಗೂ ಗೊತ್ತು. ಯಾರಿಗೆ ಬೇಕೋ ಅವರು ತೆಗೆದು, ಬೇಕಾದ್ದು ತಗೊಂಡು ಹೋಗ್ತಾರೆ."

"ಏನಾದ್ರೂ ಕಮ್ಮಿ ಬಿದ್ರೆ?" ಎಂದ ಲಿಂಕಪ್ಪ ಮೂಗು ಒರೆಸಿಕೊಳ್ಳುತ್ತಾ.

"ಗೋದಾಮಿನೋರ ತಲೆ ಮೇಲೆ. ಇನ್ನು ಮೇಲೆ ನಿಮ್ಮ ತಲೆ ಮೇಲೆ."

ಲಿಂಕಪ್ಪ ಬಗ್ಗಿ ಹೂಕುಂಡ ಎತ್ತಿದ. ತುಕ್ಕು ಹಿಡಿದ ಬೀಗದ ಕೈ ಮಣ್ಣಿನಲ್ಲಿ ಬಿದ್ದಿತ್ತು. ಅದನ್ನು ಎತ್ತಿ ಅಂಗಿಗೆ ಒರೆಸಿ, ಎದೆಯ ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ಹಾಕಿಕೊಂಡ.

"ಅಯ್ಯೋ, ಇಲ್ಲೇ ಇಡಿ ಸ್ವಾಮಿ. ಬೆಳಿಗ್ಗೆ ಜನ ಬಂದು ಕೇಳ್ತಾರೆ" ಎಂದ ಮುದುಕ.

"ಕೇಳಲಿ" ಎಂದ ಲಿಂಕಪ್ಪ. ಹೂಕುಂಡವನ್ನು ಅದರ ಜಾಗದಲ್ಲಿಟ್ಟು, ಇನ್ನೊಂದು ಸಲ ಸೀನಿ, ಒಳಗೆ ಹೋದ.